ಹಸಿರು ಬಟನ್ ಬಿಡಿ, ಹ್ಯಾಂಡ್‌ಶೇಕ್ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ತಂತ್ರಜ್ಞಾನ ಪುಟದಲ್ಲಿ ವಿಪಿಎನ್ ಬಗ್ಗೆ ಬಂದ ಬರಹ ಓದಿದೆ. ಶುರು ಚೆನ್ನಾಗಿತ್ತು. ಆದರೆ ನಡುವೆ ಬಂದ ಎರಡು ಮಾತು ಗಂಟಲಲ್ಲಿ ಸಿಕ್ಕಿಕೊಂಡವು. ಒಂದು, ಆ್ಯಪ್ ಹಾಕಿಕೊಂಡು ಬಟನ್ ಹಸಿರಾದರೆ ಸಾಕು, ನೀವು ಸೇಫ್ ಅಂತ. ಇನ್ನೊಂದು, ವಿಪಿಎನ್ ಅನ್ನು ಕಮಾಂಡ್ ಲೈನ್‌ನಿಂದ, ಅಂದರೆ ಟರ್ಮಿನಲ್ ಅನ್ನುವ ಕಿಟಕಿಯಲ್ಲಿ ಆಜ್ಞೆ ಟೈಪ್ ಮಾಡಿ, ನಡೆಸುವುದು ಪರಿಣತರ ಕೆಲಸ, ಸಾಮಾನ್ಯ ಜನ ಅತ್ತ ತಲೆ ಹಾಕುವುದು ಬೇಡ ಅಂತ. ಸರ್ವರ್ ನೋಡಿಕೊಳ್ಳುವುದೇ ನನ್ನ ಕೆಲಸ, ವಿಪಿಎನ್ ಕಟ್ಟುವ ಗುಪ್ತ ದಾರಿಗಳ, ನಮ್ಮ ಭಾಷೆಯಲ್ಲಿ ಸುರಂಗಗಳ ಜೊತೆ ದಿನಾ ಏಗುವವನು ನಾನು. ನನ್ನ ಅನುಭವ ಪೂರಾ ಉಲ್ಟಾ. ಬಟನ್ ಏನನ್ನು ಮುಚ್ಚಿಡುತ್ತದೋ ಅದನ್ನೇ ಟರ್ಮಿನಲ್ ತೆಗೆದು ತೋರಿಸುತ್ತದೆ. ಸುರಂಗ ನಡೆಯುತ್ತಿದೆಯೋ ಇಲ್ಲವೋ ಅಂತ ಗೊತ್ತಾಗಬೇಕಾದರೆ ಅಲ್ಲಿಗೇ ಹೋಗಬೇಕು. ಪತ್ರ ಉದ್ದ ಆಗುತ್ತದೆ, ಬೇಕಾದಲ್ಲಿ ಕತ್ತರಿಸಿಕೊಳ್ಳಿ. ಮತ್ತೆ, ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟೈಪ್ ಮಾಡುವವರು ಇಂಗ್ಲಿಷ್ ಅಕ್ಷರದಲ್ಲೇ ಮಾಡಬೇಕು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ಮೊದಲು ಈ 'ಸೇಫ್' ವಿಚಾರ ಮುಗಿಸಿಬಿಡೋಣ. ವಿಪಿಎನ್ ಮಾಡುವುದು ಇಷ್ಟೇ: ನಿಮ್ಮ ಲಕೋಟೆಯನ್ನು ಇನ್ನೊಂದು ಲಕೋಟೆಯೊಳಗೆ ಹಾಕಿ, ಹೊರಗಿನದರ ಮೇಲೆ ಒಂದೇ ವಿಳಾಸ ಬರೆಯುತ್ತದೆ, ಆ ವಿಳಾಸ ವಿಪಿಎನ್ ಸರ್ವರ್‌ದು. ದಾರಿಯಲ್ಲಿ ಇರುವವರಿಗೆ ಒಳಗಿನ ವಿಳಾಸ ಕಾಣುವುದಿಲ್ಲ. ಸರ್ವರ್ ತಲುಪಿದ ಮೇಲೆ ಹೊರಗಿನದನ್ನು ಹರಿದು ಒಳಗಿನದನ್ನು ಮುಂದಕ್ಕೆ ಕಳಿಸುತ್ತಾರೆ. ಅಂದರೆ ಮೊದಲು ನಿಮ್ಮ ಇಂಟರ್ನೆಟ್ ಕಂಪನಿ ಏನು ನೋಡುತ್ತಿತ್ತೋ ಅದನ್ನು ಈಗ ಸರ್ವರ್ ನಡೆಸುವವರು ನೋಡಬಹುದು. ನಂಬಿಕೆ ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು, ಮಾಯ ಆಗಲಿಲ್ಲ. ವೆಬ್‌ಸೈಟ್‌ಗಳಲ್ಲಿ ಎಚ್‌ಟಿಟಿಪಿಎಸ್ ಇರುವುದರಿಂದ ಪುಟದ ಒಳಗಿನ ವಿಷಯ ವಿಪಿಎನ್ ಇಲ್ಲದೆಯೂ ಮುಚ್ಚಿಯೇ ಹೋಗುತ್ತದೆ. ಜೊತೆಗೆ ಇನ್ನೊಂದು ಮಾತು. ಸ್ವಂತ ಸರ್ವರ್ ಬಾಡಿಗೆಗೆ ತಗೊಂಡು ಅದರ ಮೂಲಕ ಹೋದರೆ ಗುರುತು ಮರೆಯಾಗುತ್ತದೆ ಅಂತ ಕೆಲವರು ಅಂದುಕೊಂಡಿದ್ದಾರೆ. ಆ ಸರ್ವರ್‌ನಿಂದ ಹೊರಗೆ ಹೋಗುವುದೆಲ್ಲ ನಿಮ್ಮೊಬ್ಬರದೇ, ಆದ್ದರಿಂದ ಗುರುತು ಹಿಡಿಯುವುದು ಇನ್ನೂ ಸುಲಭ.

ಹಾಗಾದರೆ ಸ್ವಂತ ಸುರಂಗ ಯಾಕೆ? ಮನೆಯ ಕಂಪ್ಯೂಟರ್‌ನಲ್ಲಿರುವ ಫೈಲ್ ಹೊರಗಿನಿಂದ ಬೇಕು. ಆಫೀಸಿನ ಡೇಟಾಬೇಸನ್ನು ಇಂಟರ್ನೆಟ್‌ಗೆ ಬಿಚ್ಚಿಡದೆ ದೂರದಿಂದ ಮುಟ್ಟಬೇಕು. ಕ್ಯಾಮೆರಾ, ಪ್ರಿಂಟರ್, ಬ್ಯಾಕಪ್ ಎಲ್ಲ ಒಂದೇ ನೆಟ್‌ವರ್ಕ್‌ನಲ್ಲಿ ಇದ್ದಂತೆ ಇರಬೇಕು. ವಿಪಿಎನ್ ಹುಟ್ಟಿದ್ದೇ ಇದಕ್ಕೆ. ಬೇರೆ ದೇಶದ ಸಿನಿಮಾ ನೋಡುವುದು ಆಮೇಲೆ ಬಂದ ಉಪಯೋಗ. ಜಾಹೀರಾತುಗಳು ಅದನ್ನೇ ಮುಂದೆ ಮಾಡುತ್ತವೆ, ನಿಮ್ಮ ಬರಹವೂ ಅದೇ ದಾರಿ ಹಿಡಿಯಿತು, ಅದು ನನ್ನ ತಕರಾರು.

ಈಗ ಕಮಾಂಡ್ ಲೈನ್. ಇದಕ್ಕೆ ಜನ ಹೆದರುವುದಕ್ಕೆ ಒಂದು ಹಳೇ ಕಾರಣ ಇದೆ. ಐಪಿಸೆಕ್ ಅನ್ನುವ ಹಳೇ ವಿಪಿಎನ್ ವಿಧಾನದ ಕಾಲದಲ್ಲಿ ಎರಡು ಕಡೆಯ ಸೆಟ್ಟಿಂಗ್ ಒಂದಕ್ಕೊಂದು ಹೊಂದಿಸುವುದರಲ್ಲೇ ದಿನ ಮುಗಿಯುತ್ತಿತ್ತು. 2001ರಲ್ಲಿ ಓಪನ್‌ವಿಪಿಎನ್ ಅನ್ನುವ ಪ್ರೋಗ್ರಾಂ ಬಂತು, ಎಷ್ಟೋ ಸುಲಭ ಆಯಿತು. ಆದರೂ ಗುರುತಿನ ಚೀಟಿಯಂಥ ಸರ್ಟಿಫಿಕೇಟ್ ಮಾಡುವ ಅಥಾರಿಟಿ, ಪ್ರತಿಯೊಬ್ಬರಿಗೂ ಒಂದೊಂದು ಸರ್ಟಿಫಿಕೇಟ್, ಅವುಗಳ ಅವಧಿ ಮುಗಿಯುವ ತಾರೀಖು, ರದ್ದು ಮಾಡಿದವರ ಪಟ್ಟಿ, ಆ ಪಟ್ಟಿಗೂ ಒಂದು ಅವಧಿ, ಹೀಗೆ ನೋಡಿಕೊಳ್ಳಬೇಕಾದ್ದು ಜಾಸ್ತಿ. ಸರ್ಟಿಫಿಕೇಟ್ ಮಾಡಿಕೊಡುವ ಈಸಿ-ಆರ್‌ಎಸ್‌ಎ ಬಳಸಿದರೆ ರದ್ದು ಪಟ್ಟಿಗೆ ಅದು ತಾನಾಗಿ ಕೊಡುವ ಅವಧಿ 180 ದಿನ. ಅದು ಮುಗಿದ ದಿನ ಯಾರ ಸರ್ಟಿಫಿಕೇಟಿಗೂ ಏನೂ ಆಗಿರುವುದಿಲ್ಲ, ಆದರೆ ಒಬ್ಬರೂ ಒಳಗೆ ಬರಲಾಗುವುದಿಲ್ಲ. ಈ ಒಂದು ವಿಷಯಕ್ಕೆ ಎಷ್ಟು ಆಫೀಸುಗಳಲ್ಲಿ ಬೆಳಬೆಳಗ್ಗೆ ಫೋನ್ ಹೊಡೆದುಕೊಂಡಿರಬಹುದೋ.

ಆಮೇಲೆ ವೈರ್‌ಗಾರ್ಡ್ ಅನ್ನುವ ಹೊಸ ವಿಪಿಎನ್ ಬಂತು. ಜೇಸನ್ ಡೊನೆನ್‌ಫೆಲ್ಡ್ ಬರೆದದ್ದು, 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.6 ಕರ್ನಲ್‌ನಲ್ಲೇ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನಲ್ಲೇ ಸೇರಿತು. ಶುರುವಿನ ಕೋಡ್ ಸುಮಾರು 4000 ಸಾಲು, ಒಬ್ಬ ಮನುಷ್ಯ ಕೂತು ಓದಿ ಮುಗಿಸಬಹುದಾದಷ್ಟು. ಯಾವ ಗೂಢಲಿಪಿ ಬೇಕು ಅಂತ ಆರಿಸುವ ತಲೆನೋವೇ ಇಲ್ಲ, ಅವರೇ ಒಂದನ್ನು ಗಟ್ಟಿ ಮಾಡಿಬಿಟ್ಟಿದ್ದಾರೆ. ಆಯ್ಕೆ ಕೊಡದೇ ಇರುವುದು ಕೆಲವರಿಗೆ ಇಷ್ಟ ಆಗುವುದಿಲ್ಲ. ನನಗೆ ಇದರಲ್ಲಿ ಎಲ್ಲಕ್ಕಿಂತ ಹಿಡಿಸಿದ್ದೇ ಅದು, ಯಾಕೆಂದರೆ ಆಯ್ಕೆ ಇದ್ದ ಕಡೆ ಎರಡು ತುದಿಯವರು ಬೇರೆ ಬೇರೆ ಆರಿಸಿಕೊಂಡು ಜಗಳ ಆಡುತ್ತಾರೆ.

ಕೆಲಸ ಹೀಗೆ ಶುರು. 'ಯುಮಾಸ್ಕ್ 077' ಅಂತ ಹೊಡೆದರೆ ಮುಂದೆ ಹುಟ್ಟುವ ಫೈಲ್‌ಗಳನ್ನು ಬೇರೆಯವರು ಓದಲಾಗುವುದಿಲ್ಲ. 'ಡಬ್ಲ್ಯೂಜಿ ಜೆನ್‌ಕೀ' ಅಂದರೆ ಒಂದು ಪ್ರೈವೇಟ್ ಕೀ, ಅಂದರೆ ಗುಟ್ಟಾಗಿಡಬೇಕಾದ ಕೀಲಿ ಬರುತ್ತದೆ. 32 ಬೈಟ್, ಪರದೆಯ ಮೇಲೆ 44 ಅಕ್ಷರ, ಕೊನೆಗೆ ಒಂದು ಸಮ ಚಿಹ್ನೆ. ಅದನ್ನು 'ಡಬ್ಲ್ಯೂಜಿ ಪಬ್‌ಕೀ'ಗೆ ಕೊಟ್ಟರೆ ಪಬ್ಲಿಕ್ ಕೀ. ಎರಡೂ ಕಡೆ ಇದೇ ಕೆಲಸ. ಪ್ರೈವೇಟ್ ಕೀ ಹುಟ್ಟಿದ ಮಷೀನ್ ಬಿಟ್ಟು ಕದಲಬಾರದು. ಪಬ್ಲಿಕ್ ಕೀ ಯಾರಿಗಾದರೂ ಕೊಡಿ, ಮೆಸೇಜ್‌ನಲ್ಲಿ ಕಳಿಸಿ, ತೊಂದರೆ ಇಲ್ಲ. ಆಮೇಲೆ 'ಇಟಿಸಿ' ಒಳಗಿನ 'ವೈರ್‌ಗಾರ್ಡ್' ಫೋಲ್ಡರ್‌ನಲ್ಲಿ ಒಂದು ಸಣ್ಣ ಫೈಲ್. ಮೇಲೆ 'ಇಂಟರ್ಫೇಸ್' ಭಾಗ: ನನ್ನ ಪ್ರೈವೇಟ್ ಕೀ, ಸುರಂಗದೊಳಗಿನ ನನ್ನ ವಿಳಾಸ, ಸರ್ವರ್ ಆದರೆ ಕೇಳುವ ಪೋರ್ಟ್ (ಮಷೀನ್‌ನ ಬಾಗಿಲಿನ ಸಂಖ್ಯೆ), ಸಾಮಾನ್ಯವಾಗಿ ಯುಡಿಪಿ 51820. ಕೆಳಗೆ 'ಪೀರ್' ಭಾಗ: ಆ ಕಡೆಯವರ ಪಬ್ಲಿಕ್ ಕೀ, ಅವರು ಸಿಗುವ ವಿಳಾಸ, ಮತ್ತು 'ಅಲೌಡ್ ಐಪೀಸ್' ಅನ್ನುವ ಒಂದು ಸಾಲು. ಹತ್ತು ಹನ್ನೆರಡು ಸಾಲಿಗೆ ಫೈಲ್ ಮುಗಿಯಿತು.

ಆ 'ಅಲೌಡ್ ಐಪೀಸ್' ಸಾಲಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಹೊಸಬರ ತೊಂದರೆಯಲ್ಲಿ ಮುಕ್ಕಾಲು ಪಾಲು ಇಲ್ಲೇ ಹುಟ್ಟುತ್ತದೆ. ಹೆಸರು ನೋಡಿದರೆ ಯಾರಿಗೆ ಒಳಗೆ ಬರಲು ಅನುಮತಿ ಅಂತ ಅನ್ನಿಸುತ್ತದೆ. ಅದು ಅರ್ಧ ಮಾತ್ರ. ಪ್ಯಾಕೆಟ್, ಅಂದರೆ ಡೇಟಾದ ತುಂಡು, ಹೊರಗೆ ಹೋಗುವಾಗ ಈ ಸಾಲೇ ದಾರಿ ತೋರಿಸುತ್ತದೆ, ಅಂದರೆ ಈ ವಿಳಾಸಕ್ಕೆ ಹೋಗುವುದನ್ನು ಈ ಪೀರ್‌ಗೆ ಕೊಡು ಅಂತ. ಒಳಗೆ ಬರುವಾಗ ಇದೇ ಸಾಲು ಕಾವಲು, ಈ ಪೀರ್‌ನಿಂದ ಬಂದದ್ದರ ಮೇಲೆ ಈ ವಿಳಾಸ ಇದ್ದರೆ ಮಾತ್ರ ಬಿಡು, ಇಲ್ಲದಿದ್ದರೆ ಬಿಸಾಕು ಅಂತ. ಆದ್ದರಿಂದ ಸರ್ವರ್‌ನ ಫೈಲ್‌ನಲ್ಲಿ ಪ್ರತಿ ಫೋನಿಗೂ ಲ್ಯಾಪ್‌ಟಾಪಿಗೂ ಅದರದ್ದೇ ಒಂಟಿ ವಿಳಾಸ, ಕೊನೆಗೆ /32 ಹಾಕಿ ಬರೆಯಬೇಕು. ಒಂದರಿಂದ ಕಾಪಿ ಮಾಡಿ ಇನ್ನೊಂದಕ್ಕೆ ಅಂಟಿಸಿ ವಿಳಾಸ ಬದಲಿಸದೆ ಬಿಟ್ಟರೆ ಏನಾಗುತ್ತದೆ ಗೊತ್ತಾ? ಯಾವ ಎರರ್ ಕೂಡ ಬರುವುದಿಲ್ಲ. ಆ ವಿಳಾಸ ಕೊನೆಗೆ ಬರೆದ ಪೀರ್‌ಗೆ ಹೋಗುತ್ತದೆ, ಮೊದಲಿನವನ ಕೈಯಿಂದ ಸದ್ದಿಲ್ಲದೆ ಜಾರುತ್ತದೆ. ನಿನ್ನೆವರೆಗೆ ನಡೆಯುತ್ತಿದ್ದ ಫೋನ್ ಇವತ್ತು ಹೊಸ ಲ್ಯಾಪ್‌ಟಾಪ್ ಸೇರಿಸಿದ ಕೂಡಲೇ ನಿಂತುಹೋಯಿತು ಅಂದರೆ ನಾನು ಮೊದಲು ನೋಡುವುದೇ ಇದನ್ನು.

ಫೈಲ್ ಆಯಿತು. 'ಡಬ್ಲ್ಯೂಜಿ-ಕ್ವಿಕ್ ಅಪ್ ಡಬ್ಲ್ಯೂಜಿ0'. ಎಂಟರ್. ನಾಲ್ಕಾರು ಸಾಲು ಓಡುತ್ತವೆ: ಇಂಟರ್ಫೇಸ್ (ಸುರಂಗದ ಈ ಕಡೆಯ ಬಾಯಿ) ಮಾಡಿದೆ, ಕೀ ಕೊಟ್ಟೆ, ವಿಳಾಸ ಹಾಕಿದೆ, ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1420 ಇಟ್ಟು ಮೇಲೆತ್ತಿದೆ. ಅಷ್ಟೇ. ಕರ್ಸರ್ ವಾಪಸ್ ಬಂತು. ಕೆಂಪು ಇಲ್ಲ, ಎರರ್ ಇಲ್ಲ.

ಇಲ್ಲೇ ನೋಡಿ ನಾನು ಹೇಳಬೇಕಾದದ್ದು ಇರುವುದು. ಇಷ್ಟಾದ ಮೇಲೂ ಸುರಂಗ ಸೇರಿದೆ ಅಂತ ಅರ್ಥ ಅಲ್ಲ. ಆ ಕಡೆ ಸರ್ವರ್ ಆಫ್ ಆಗಿದ್ದರೂ ಇದೇ ಸಾಲುಗಳು ಬರುತ್ತವೆ. ಪಬ್ಲಿಕ್ ಕೀ ಯಾರದ್ದೋ ಹಾಕಿದ್ದರೂ ಇದೇ. ವೈರ್‌ಗಾರ್ಡ್‌ನಲ್ಲಿ 'ಕನೆಕ್ಟ್ ಆಗುವುದು' ಅಂತ ಒಂದು ಹೆಜ್ಜೆಯೇ ಇಲ್ಲ. ಇಂಟರ್ಫೇಸ್ ಇದೆ, ಕೀ ಇದೆ, ಯಾರಾದರೂ ಪ್ಯಾಕೆಟ್ ಕಳಿಸಿದಾಗ ಮಾತ್ರ ಅದು ಆ ಕಡೆಯವರನ್ನು ಕೂಗಿ ಹ್ಯಾಂಡ್‌ಶೇಕ್, ಅಂದರೆ ಒಬ್ಬರನ್ನೊಬ್ಬರು ಗುರುತಿಸಿಕೊಳ್ಳುವ ಮೊದಲ ಮಾತುಕತೆ, ಮಾಡುತ್ತದೆ. ಸುಮ್ನೆ ಕೂತರೆ ಅದೂ ಸುಮ್ನೆ ಕೂರುತ್ತದೆ. ಸ್ವಿಚ್ ಹಸಿರಾಯಿತು ಅಂದರೆ ಈ ಕಡೆ ಸಿದ್ಧತೆ ಮುಗಿಯಿತು ಅಂತ ಮಾತ್ರ ಇರಬಹುದು, ಆ ಕಡೆ ಯಾರಾದರೂ ಇದ್ದಾರೆ ಅಂತ ಅಲ್ಲ.

ನಿಜ ಗೊತ್ತಾಗುವುದು 'ಡಬ್ಲ್ಯೂಜಿ ಶೋ' ಹೊಡೆದಾಗ. ಇದೊಂದು ಕಮಾಂಡ್ ಓದಲು ಬಂದರೆ ಅರ್ಧ ಕೆಲಸ ಬಂದಂತೆ. ಪೀರ್‌ನ ಕೆಳಗೆ 'ಲೇಟೆಸ್ಟ್ ಹ್ಯಾಂಡ್‌ಶೇಕ್' ಅಂತ ಒಂದು ಸಾಲು ಬರಬೇಕು, ಇಷ್ಟು ನಿಮಿಷ ಇಷ್ಟು ಸೆಕೆಂಡ್ ಹಿಂದೆ ಅಂತ. ಆ ಸಾಲೇ ಕಾಣದಿದ್ದರೆ ಇಬ್ಬರೂ ಇನ್ನೂ ಒಮ್ಮೆಯೂ ಕೈ ಕುಲುಕಿಲ್ಲ. ಅದರ ಕೆಳಗೆ 'ಟ್ರಾನ್ಸ್‌ಫರ್', ಬಂದದ್ದೆಷ್ಟು, ಹೋದದ್ದೆಷ್ಟು. ಬಂದದ್ದು 0, ಹೋದದ್ದು 148 ಬೈಟ್. ಸ್ವಲ್ಪ ಬಿಟ್ಟು ಮತ್ತೆ ಹೊಡೆದರೆ 296. ಮತ್ತೆ 444. ಈ ಸಂಖ್ಯೆಗಳನ್ನು ನೋಡಿದ ಕೂಡಲೇ ಅಭ್ಯಾಸ ಇರುವವರಿಗೆ ಕಥೆ ಗೊತ್ತಾಗುತ್ತದೆ. ಹ್ಯಾಂಡ್‌ಶೇಕ್ ಶುರು ಮಾಡುವ ಪ್ಯಾಕೆಟ್ ಸರಿಯಾಗಿ 148 ಬೈಟ್. ಉತ್ತರ ಬರದಿದ್ದರೆ ಸುಮಾರು 5 ಸೆಕೆಂಡಿಗೊಮ್ಮೆ ಅದೇ ಕೂಗು ಮತ್ತೆ ಹೋಗುತ್ತದೆ. ಅಂದರೆ ನಾವು ಕೂಗುತ್ತಲೇ ಇದ್ದೇವೆ, ಆ ಕಡೆಯಿಂದ ಹೂಂ ಕೂಡ ಇಲ್ಲ.

ಯಾಕೆ ಇಲ್ಲ? ಇಲ್ಲಿ ಒಂದು ತಮಾಷೆ ಇದೆ. ಓಪನ್‌ವಿಪಿಎನ್ ಆಗಿದ್ದರೆ 60 ಸೆಕೆಂಡ್ ಕಾದು, ಟಿಎಲ್‌ಎಸ್ ಮಾತುಕತೆ (ಗುಟ್ಟಿನ ಸಂಪರ್ಕ ಕುದುರಿಸುವುದು) ಆಗಲಿಲ್ಲ, ನೆಟ್‌ವರ್ಕ್ ನೋಡಿಕೊಳ್ಳಿ ಅಂತ ಲಾಗ್‌ನಲ್ಲಿ ಬರೆಯುತ್ತದೆ. ಸರಿ ಹೋದರೆ 'ಇನಿಶಿಯಲೈಸೇಷನ್ ಸೀಕ್ವೆನ್ಸ್ ಕಂಪ್ಲೀಟೆಡ್' ಅಂತ ಒಂದು ಸಾಲು, ಅದನ್ನು ನೋಡಿ ಎದ್ದು ಹೋಗಬಹುದು. ವೈರ್‌ಗಾರ್ಡ್ ಸರ್ವರ್ ಹಾಗಲ್ಲ. ಗೊತ್ತಿಲ್ಲದ ಕೀಯಿಂದ ಬಂದ ಪ್ಯಾಕೆಟ್‌ಗೆ ಅದು ಬೇಕೆಂದೇ ಉತ್ತರ ಕೊಡುವುದಿಲ್ಲ, ಹೊರಗಿನಿಂದ ಹುಡುಕುವವರಿಗೆ ಅಲ್ಲಿ ಏನೋ ಇದೆ ಅಂತಲೇ ಗೊತ್ತಾಗಬಾರದು ಅಂತ. ಒಳ್ಳೆಯದೇ. ಆದರೆ ಕೀ ತಪ್ಪಾದರೂ ಮೌನ, ಫೈರ್‌ವಾಲ್ ತಡೆದರೂ ಮೌನ, ಸರ್ವರ್ ಸತ್ತಿದ್ದರೂ ಮೌನ. ಬಿಡಿಸಿ ನೋಡಲು ಸರ್ವರ್ ಕಡೆ, ಪ್ಯಾಕೆಟ್ ಓಡಾಟ ತೋರಿಸುವ 'ಟಿಸಿಪಿಡಂಪ್' ಹಚ್ಚಿ ಆ ಯುಡಿಪಿ ಪೋರ್ಟ್ ನೋಡುತ್ತಾ ಕೂರಬೇಕು. ಪ್ಯಾಕೆಟ್ ಅಲ್ಲಿ ಕಂಡೇ ಇಲ್ಲ ಅಂದರೆ ದಾರಿಯಲ್ಲಿ ತಡೆ. ಕಂಡಿತು ಆದರೆ ಉತ್ತರ ಹೊರಡಲಿಲ್ಲ ಅಂದರೆ ಬಹುತೇಕ ಕೀ ತಪ್ಪು, ಇಲ್ಲವೇ ಸರ್ವರ್‌ನ ಒಳಗಿನ ಫೈರ್‌ವಾಲ್.

ಇನ್ನೊಂದು ಕಾರಣ ಅಪರೂಪ, ಆದರೆ ಸಿಕ್ಕಿದಾಗ ತಲೆ ಕೆಡಿಸುತ್ತದೆ. ಗಡಿಯಾರ. ಹ್ಯಾಂಡ್‌ಶೇಕ್‌ನಲ್ಲಿ ಸಮಯ ಸೇರಿರುತ್ತದೆ, ಮತ್ತು ಒಂದು ಪೀರ್‌ನಿಂದ ಹಿಂದೆ ಬಂದ ಸಮಯಕ್ಕಿಂತ ಹಳೆಯದು ಬಂದರೆ ಸರ್ವರ್ ಅದನ್ನು ತೆಗೆದುಕೊಳ್ಳುವುದಿಲ್ಲ. ಯಾರೋ ಹಳೇ ಪ್ಯಾಕೆಟ್ ಹಿಡಿದಿಟ್ಟುಕೊಂಡು ಮತ್ತೆ ಕಳಿಸಬಾರದು ಅಂತ ಈ ಏರ್ಪಾಡು. ಈಗ ಬ್ಯಾಟರಿ ಗಡಿಯಾರ ಇಲ್ಲದ ಸಣ್ಣ ಬೋರ್ಡ್ ಕಂಪ್ಯೂಟರ್ ಒಂದನ್ನು ಯೋಚಿಸಿ. ಕರೆಂಟ್ ಹೋಗಿ ಬಂದ ಮೇಲೆ ಅದು ಹಳೇ ತಾರೀಖಿನಲ್ಲೇ ಎದ್ದು ಕೂತಿದೆ. ಕೀ ಸರಿ, ಪೋರ್ಟ್ ಸರಿ, ಆದರೂ ಹ್ಯಾಂಡ್‌ಶೇಕ್ ಇಲ್ಲ. ಸಮಯ ಸರಿಪಡಿಸುವ ಎನ್‌ಟಿಪಿ ಕೂಡ ಸುರಂಗದ ಮೂಲಕವೇ ಹೋಗಬೇಕು ಅಂತ ಸೆಟ್ಟಿಂಗ್ ಇದ್ದರೆ ಮುಗಿಯಿತು, ಒಂದಕ್ಕೊಂದು ಕಾಯುತ್ತಾ ಕೂರುತ್ತವೆ.

ಹ್ಯಾಂಡ್‌ಶೇಕ್ ಆಯಿತು, ಆದರೆ ಸರ್ವರ್‌ನ ಆಚೆಗೆ ಏನೂ ಹೋಗುತ್ತಿಲ್ಲ ಅಂದರೆ ಬೇರೆ ರೋಗ. ಸರ್ವರ್‌ನಲ್ಲಿ ಬಂದ ಪ್ಯಾಕೆಟ್ ಮುಂದಕ್ಕೆ ಕಳಿಸುವ ಐಪಿ ಫಾರ್ವರ್ಡಿಂಗ್ 1 ಆಗಿದೆಯಾ ನೋಡಿ, ಒಳ ವಿಳಾಸವನ್ನು ಹೊರ ವಿಳಾಸಕ್ಕೆ ಬದಲಿಸುವ ಎನ್‌ಎಟಿ ನಿಯಮ ಇದೆಯಾ ನೋಡಿ. ಪಿಂಗ್ ಹೋಗುತ್ತದೆ, ಸಣ್ಣ ಪುಟ ತೆರೆಯುತ್ತದೆ, ದೊಡ್ಡ ಪುಟ ಅರ್ಧಕ್ಕೆ ನಿಂತು ಸುತ್ತುತ್ತಲೇ ಇರುತ್ತದೆ ಅಂದರೆ ಎಂಟಿಯು. 1420 ಅನ್ನುವುದು 1500ರಲ್ಲಿ ಸುರಂಗದ ಹೊರ ಹೊದಿಕೆಗೆ 80 ಬೈಟ್ ಬಿಟ್ಟ ಲೆಕ್ಕ. ನಿಮ್ಮ ಲೈನಿನಲ್ಲಿ ಪಿಪಿಪಿಓಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಇಂಟರ್ನೆಟ್ ಕಂಪನಿಗೆ ಸೇರುವ ವಿಧಾನ) ಇದ್ದರೆ ಅಲ್ಲೇ 8 ಬೈಟ್ ಕಳೆದುಹೋಗಿರುತ್ತದೆ, 1412ಕ್ಕೆ ಇಳಿಸಬೇಕು. ಇದೆಲ್ಲ ಪರಿಣತರಿಗೆ ಮಾತ್ರ ಅನ್ನುತ್ತೀರಾ? ಇದರಲ್ಲಿ ಓದಿ ಅರ್ಥ ಆಗದ್ದು ಯಾವುದೂ ಇಲ್ಲ. ಆ್ಯಪ್‌ನಲ್ಲಿ ಇದೇ ತೊಂದರೆ ಆದರೆ ನಿಮಗೆ ಸಿಗುವುದು 'ಮತ್ತೆ ಪ್ರಯತ್ನಿಸಿ' ಅನ್ನುವ ಒಂದು ಬಟನ್.

ಇನ್ನು ಇದನ್ನು ಸರ್ವಿಸ್ ಆಗಿ, ಅಂದರೆ ತೆರೆಮರೆಯಲ್ಲಿ ತಾನಾಗಿ ನಡೆಯುವಂತೆ, ನಡೆಸುವುದು. ಒಂದು ಸಲ ಏರಿಸುವುದು ಬೇರೆ, ತಿಂಗಳುಗಟ್ಟಲೆ ನಿಲ್ಲಿಸುವುದು ಬೇರೆ. ಟರ್ಮಿನಲ್‌ನಲ್ಲಿ 'ಓಪನ್‌ವಿಪಿಎನ್' ಅಂತ ಹೊಡೆದು ಫೈಲ್ ಹೆಸರು ಕೊಟ್ಟು, ನಡೆಯಿತು ಅಂತ ಕಿಟಕಿ ಮುಚ್ಚಿದರೆ ಸುರಂಗವೂ ಅದರ ಜೊತೆ ಹೋಗುತ್ತದೆ. ಅದಕ್ಕೆ ಕೆಲವರು 'ನೋಹಪ್' ಹಾಕುತ್ತಾರೆ, ಕೆಲವರು 'ಸ್ಕ್ರೀನ್' ಒಳಗೆ ಬಚ್ಚಿಡುತ್ತಾರೆ. ಮಷೀನ್ ರೀಸ್ಟಾರ್ಟ್ ಆಗುವವರೆಗೆ ನಡೆಯುತ್ತದೆ. ಸರಿಯಾದ ಜಾಗ ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ. 'ಸಿಸ್ಟಮ್‌ಸಿಟಿಎಲ್ ಎನೇಬಲ್' ಅಂದರೆ ಮಷೀನ್ ಎದ್ದಾಗಲೆಲ್ಲ ಏರಿಸು, 'ಸ್ಟಾರ್ಟ್' ಅಂದರೆ ಈಗಲೇ ಏರಿಸು. ಎರಡೂ ಬೇಕು, 'ಸ್ಟಾರ್ಟ್' ಮಾತ್ರ ಮಾಡಿ 'ಎನೇಬಲ್' ಬಿಟ್ಟರೆ ಅದು ಗೊತ್ತಾಗುವುದು ಮುಂದಿನ ರೀಸ್ಟಾರ್ಟ್‌ಗೇ.

ಆದರೆ ಸಿಸ್ಟಮ್‌ಡಿಯ ಮಾತನ್ನೂ ಹಾಗೇ ನಂಬಬೇಡಿ. ವೈರ್‌ಗಾರ್ಡ್ ಸರ್ವಿಸ್‌ನ ಸ್ಟೇಟಸ್ ಕೇಳಿದರೆ 'ಆಕ್ಟಿವ್', ಪಕ್ಕದಲ್ಲಿ 'ಎಕ್ಸಿಟೆಡ್' ಅಂತ ಬರುತ್ತದೆ. ಹೊಸಬರು ಗಾಬರಿ ಆಗುತ್ತಾರೆ, ನಡೆಯುತ್ತಿದೆಯಾ ನಿಂತಿದೆಯಾ ಅಂತ. ಗಾಬರಿ ಬೇಡ. ಈ ಸರ್ವಿಸ್ ಒಂದು ಸಲ ಓಡಿ, ಇಂಟರ್ಫೇಸ್ ಏರಿಸಿ, ತನ್ನ ಕೆಲಸ ಮುಗಿಸಿ ಹೋಗುವಂಥದ್ದು. ಸುರಂಗ ಇರುವುದು ಕರ್ನಲ್ ಒಳಗೆ, ಕಾಯುತ್ತಾ ಕೂತ ಪ್ರೋಗ್ರಾಂ ಯಾವುದೂ ಇಲ್ಲ. ಆದ್ದರಿಂದ ಆ ಕಡೆ ಸರ್ವರ್ ಸುಟ್ಟು ಬೂದಿಯಾದರೂ ಇಲ್ಲಿ 'ಆಕ್ಟಿವ್' ಅಂತ ಹಸಿರು ಅಕ್ಷರ ಹಾಗೇ ಹೊಳೆಯುತ್ತಿರುತ್ತದೆ. ಟರ್ಮಿನಲ್‌ನಲ್ಲೂ ಹಸಿರು ಮೋಸ ಮಾಡುತ್ತದೆ, ವ್ಯತ್ಯಾಸ ಏನೆಂದರೆ ಇಲ್ಲಿ ಮುಂದಿನ ಪ್ರಶ್ನೆ ಕೇಳುವುದಕ್ಕೆ ಜಾಗ ಇದೆ.

ಆ ಮುಂದಿನ ಪ್ರಶ್ನೆಯನ್ನು ಮಷೀನೇ ಕೇಳುವಂತೆ ಮಾಡಿಬಿಡಬಹುದು. 'ಡಬ್ಲ್ಯೂಜಿ ಶೋ ಡಬ್ಲ್ಯೂಜಿ0 ಲೇಟೆಸ್ಟ್-ಹ್ಯಾಂಡ್‌ಶೇಕ್ಸ್' ಅಂದರೆ ಪ್ರತಿ ಪೀರ್‌ನ ಕೊನೆಯ ಹ್ಯಾಂಡ್‌ಶೇಕ್ ಸಮಯ ಸೆಕೆಂಡಿನ ಲೆಕ್ಕದಲ್ಲಿ ಸಿಗುತ್ತದೆ. ಈಗಿನ ಸಮಯದಿಂದ ಅದನ್ನು ಕಳೆಯಿರಿ. ಪ್ಯಾಕೆಟ್ ಓಡಾಡುತ್ತಿದ್ದರೆ ಸುಮಾರು 2 ನಿಮಿಷಕ್ಕೊಮ್ಮೆ ಹೊಸ ಹ್ಯಾಂಡ್‌ಶೇಕ್ ಆಗುತ್ತಲೇ ಇರುತ್ತದೆ, ಆದ್ದರಿಂದ 3 ನಿಮಿಷ ದಾಟಿತು ಅಂದರೆ ಏನೋ ಆಗಿದೆ. ನಾಲ್ಕು ಸಾಲಿನ ಸ್ಕ್ರಿಪ್ಟ್, ಒಂದು ಟೈಮರ್, ಒಂದು ಮೆಸೇಜ್. ಆದರೆ ಸುರಂಗದಲ್ಲಿ ಯಾರೂ ಓಡಾಡದಿದ್ದರೆ ಹ್ಯಾಂಡ್‌ಶೇಕ್ ತಾನಾಗಿ ಹಳೆಯದಾಗುತ್ತದೆ, ಅದು ರೋಗ ಅಲ್ಲ. ಅದಕ್ಕೆ ಮನೆಯ ರೌಟರ್ ಹಿಂದೆ ಕೂತ ತುದಿಯಲ್ಲಿ 'ಪರ್ಸಿಸ್ಟೆಂಟ್ ಕೀಪ್‌ಅಲೈವ್ 25' ಅಂತ ಒಂದು ಸಾಲು ಹಾಕಿ. 25 ಸೆಕೆಂಡಿಗೊಮ್ಮೆ ಒಂದು ಖಾಲಿ ಪ್ಯಾಕೆಟ್ ಹೋಗುತ್ತದೆ, ರೌಟರ್ ದಾರಿ ಮರೆಯುವುದಿಲ್ಲ, ನಿಮ್ಮ ಸ್ಕ್ರಿಪ್ಟ್‌ಗೂ ನಂಬಬಹುದಾದ ಸಂಖ್ಯೆ ಸಿಗುತ್ತದೆ.

ಸರ್ವರ್‌ನ ವಿಳಾಸ ಬದಲಾಗುತ್ತಿದ್ದರೆ ಇನ್ನೊಂದು ಎಚ್ಚರ ಬೇಕು. ಫೈಲ್‌ನಲ್ಲಿ ಹೆಸರು ಬರೆದಿದ್ದೇನಲ್ಲ, ತಾನೇ ಹುಡುಕಿಕೊಳ್ಳುತ್ತದೆ ಅಂತ ಜನ ಬಿಟ್ಟುಬಿಡುತ್ತಾರೆ. ಹೆಸರಿನಿಂದ ವಿಳಾಸ ಕೇಳುವುದು ಏರಿಸುವಾಗ ಒಂದೇ ಸಲ. ಆಮೇಲೆ ವಿಳಾಸ ಬದಲಾದರೆ ಇದು ಹಳೇ ಬಾಗಿಲನ್ನೇ ತಟ್ಟುತ್ತಾ ಇರುತ್ತದೆ. ಮತ್ತೆ ಕೇಳುವಂತೆ ಮಾಡುವ ಸಣ್ಣ ಸ್ಕ್ರಿಪ್ಟ್ ವೈರ್‌ಗಾರ್ಡ್‌ನ ಟೂಲ್ಸ್ ಜೊತೆಗೇ ಇದೆ, ಟೈಮರ್‌ಗೆ ಹಾಕಿಕೊಳ್ಳಿ.

ದೂರದ ಮಷೀನ್ ಮೇಲೆ ಕೆಲಸ ಮಾಡುವವರಿಗೆ ಒಂದು ಮಾತು, ಇದನ್ನಂತೂ ದಯವಿಟ್ಟು ಕತ್ತರಿಸಬೇಡಿ. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲಿ ಒಳಗೆ ಹೋಗಿ, ಆ ಮಷೀನ್‌ನಲ್ಲಿ 'ಅಲೌಡ್ ಐಪೀಸ್' ಜಾಗದಲ್ಲಿ 0.0.0.0/0, ಅಂದರೆ ಎಲ್ಲ ವಿಳಾಸವೂ ಅಂತ ಬರೆದು ಸುರಂಗ ಏರಿಸಿದಿರಿ ಅಂದುಕೊಳ್ಳಿ. ಅಲ್ಲಿಂದ ಹೊರಡುವುದೆಲ್ಲ ಸುರಂಗಕ್ಕೆ ತಿರುಗುತ್ತದೆ, ನಿಮ್ಮ ಎಸ್‌ಎಸ್‌ಎಚ್‌ಗೆ ಬರಬೇಕಾದ ಉತ್ತರವೂ ಸೇರಿ. ಪರದೆ ಹೆಪ್ಪುಗಟ್ಟಿತು. ಆ ಮಷೀನ್ ಹತ್ತಿರ ಯಾರೂ ಇಲ್ಲ. ಅದಕ್ಕೇ ಏರಿಸುವ ಮೊದಲು, ಕನೆಕ್ಷನ್ ಕಡಿದರೂ ಕೆಲಸ ನಿಲ್ಲಿಸದ 'ಟಿಮಕ್ಸ್' ಒಳಗೆ, 300 ಸೆಕೆಂಡ್ ಕಾದು ಸುರಂಗ ಇಳಿಸು ಅನ್ನುವ ಕಮಾಂಡ್ ಓಡಿಸಿ ಇಟ್ಟುಕೊಳ್ಳಬೇಕು. ಎಲ್ಲ ಸರಿ ಇದ್ದರೆ ಅದನ್ನು ನಿಲ್ಲಿಸಿ. ಕೈಕೊಟ್ಟರೆ ಐದು ನಿಮಿಷ ಕಾಫಿ ಕುಡಿದು ಬನ್ನಿ, ಬಾಗಿಲು ತೆರೆದಿರುತ್ತದೆ. ಹಾಗೇ ಫೈಲ್‌ನಲ್ಲಿ 'ಸೇವ್ ಕಾನ್ಫಿಗ್ ಟ್ರೂ' ಅನ್ನುವ ಸಾಲು ಇದೆಯಾ ನೋಡಿಕೊಳ್ಳಿ. ಇದ್ದರೆ, ಸುರಂಗ ಏರಿದ್ದಾಗ ನೀವು ಫೈಲ್‌ಗೆ ಬರೆದದ್ದನ್ನು ಇಳಿಸುವಾಗ ಅದು ಅಳಿಸಿ ತನ್ನ ನೆನಪಿನಲ್ಲಿದ್ದದ್ದನ್ನು ಬರೆಯುತ್ತದೆ. ಹೊಸ ಪೀರ್ ಸೇರಿಸಲು ಇಳಿಸಿ ಏರಿಸುವುದೇ ಬೇಡ, 'ಡಬ್ಲ್ಯೂಜಿ ಸಿಂಕ್‌ಕಾನ್ಫ್' ಅಂತ ಇದೆ, ನಡೆಯುತ್ತಿರುವವರ ಕನೆಕ್ಷನ್ ಕಡಿಯದೆ ಹೊಸದನ್ನು ಮಾತ್ರ ಒಳಗೆ ತರುತ್ತದೆ.

ಸೋರಿಕೆ, ಅಂದರೆ ಸುರಂಗದ ಹೊರಗೇ ಹೋಗಿಬಿಡುವ ಡೇಟಾದ ಬಗ್ಗೆ ನಿಮ್ಮ ಬರಹದಲ್ಲಿ ಒಂದು ಅಕ್ಷರವೂ ಇರಲಿಲ್ಲ. 0.0.0.0/0 ಅಂದರೆ ಹಳೇ ಮಾದರಿಯ ವಿಳಾಸ ಐಪಿವಿ4 ಮಾತ್ರ. ನಿಮ್ಮ ಲೈನಿನಲ್ಲಿ ಹೊಸ ಮಾದರಿಯ ಐಪಿವಿ6 ಇದ್ದರೆ ಅದು ಸುರಂಗದ ಪಕ್ಕದಲ್ಲೇ ರಾಜಾರೋಷವಾಗಿ ಹೋಗುತ್ತಿರುತ್ತದೆ. ಜೊತೆಗೆ ::/0 ಕೂಡ ಬರೆಯಬೇಕು. ಹೆಸರು ಹುಡುಕುವ ಡಿಎನ್‌ಎಸ್ ಪ್ರಶ್ನೆಗಳು ಹಳೇ ದಾರಿಯಲ್ಲೇ ಹೋದರೆ, ನೀವು ಯಾವ ಸೈಟಿಗೆ ಹೋಗುತ್ತೀರಿ ಅಂತ ಇಂಟರ್ನೆಟ್ ಕಂಪನಿಗೆ ಮೊದಲಿನಂತೆಯೇ ಗೊತ್ತಾಗುತ್ತದೆ. ಸುರಂಗದೊಳಗೆ ಇಟ್ಟುಕೊಳ್ಳುವ ವಿಳಾಸವನ್ನೂ ನೋಡಿ ಆರಿಸಿ. 192.168.1 ರಿಂದ ಶುರುವಾಗುವುದು ಬೇಡವೇ ಬೇಡ, ಎಷ್ಟೋ ರೌಟರ್‌ಗಳು ಅದನ್ನೇ ಬಳಸುತ್ತವೆ, ಹೋದ ಕಡೆಯೆಲ್ಲ ಡಿಕ್ಕಿ. 10 ರಿಂದ ಶುರುವಾಗುವುದರಲ್ಲಿ ಯಾರೂ ಆರಿಸದಂಥ ಒಂದು ನಡುವಿನ ಸಂಖ್ಯೆ ಹಿಡಿಯಿರಿ.

ಎರಡೂ ತುದಿ ಇಂಟರ್ನೆಟ್ ಕಂಪನಿಯ ಹಂಚಿಕೆ ವಿಳಾಸದ (ಹಲವು ಗ್ರಾಹಕರಿಗೆ ಸೇರಿ ಒಂದೇ ವಿಳಾಸ) ಹಿಂದೆ ಇದ್ದರೆ ಬರೀ ವೈರ್‌ಗಾರ್ಡ್‌ನಿಂದ ಆಗುವುದಿಲ್ಲ. ರೌಟರ್‌ನ ಹೊರ ವಿಳಾಸ 100.64 ರಿಂದ 100.127ರ ಒಳಗೆ ಇದ್ದರೆ ನೀವು ಅಂಥ ಕಡೆ ಇದ್ದೀರಿ ಅಂತ. ಒಂದು ತುದಿಗಾದರೂ ಹೊರಗಿನಿಂದ ಮುಟ್ಟಬಹುದಾದ ವಿಳಾಸ ಬೇಕು. ಇಲ್ಲವೇ ಟೈಲ್‌ಸ್ಕೇಲ್ ಥರದ್ದು ಬಳಸಬೇಕು, ಅದು ಒಳಗೆ ವೈರ್‌ಗಾರ್ಡೇ. 'ಟೈಲ್‌ಸ್ಕೇಲ್ ಅಪ್' ಅಂದರೆ ಸಾಕು, ಗೋಡೆ ಕೊರೆದು ದಾರಿ ಮಾಡಿಕೊಳ್ಳುತ್ತದೆ. ಸುಲಭ, ನಾನೂ ಶಿಫಾರಸು ಮಾಡುತ್ತೇನೆ. ಆದರೆ ಯಾರ ಪಬ್ಲಿಕ್ ಕೀ ಯಾರಿಗೆ ಅಂತ ಪರಿಚಯ ಮಾಡಿಸುವ ಕೆಲಸ ಅವರ ಸರ್ವರ್‌ದು, ಅದು ತಿಳಿದು ಬಳಸಿ. ಒಂದೇ ಒಂದು ಪೋರ್ಟ್ ಬೇಕಿದ್ದರೆ ಇದ್ಯಾವುದೂ ಬೇಡ, 1995ರಿಂದ ಇರುವ ಎಸ್‌ಎಸ್‌ಎಚ್ ಸಾಕು. ಅದರ 'ಎಲ್' ಆಯ್ಕೆ ದೂರದ ಪೋರ್ಟನ್ನು ನಿಮ್ಮ ಮಷೀನ್‌ಗೆ ತಂದು ಕೊಡುತ್ತದೆ.

ಇನ್ನು ನಿಮ್ಮ ಬರಹದ ಜೊತೆಗಿದ್ದ ಬಾಕ್ಸ್ ಬಗ್ಗೆ. ಯಾವ ಪ್ರೋಟೋಕಾಲ್ ಆರಿಸಬೇಕು ಅನ್ನುವ ಪಟ್ಟಿಯಲ್ಲಿ ಪಿಪಿಟಿಪಿ ಅನ್ನುವ ಹಳೇ ವಿಪಿಎನ್ ವಿಧಾನ ಇತ್ತು, ಎದುರಿಗೆ 'ವೇಗ' ಅಂತ ಬರೆದಿತ್ತು. ಅದು 1990ರ ದಶಕದ ಸರಕು. ಅದರ ಪಾಸ್‌ವರ್ಡ್ ಪರೀಕ್ಷಿಸುವ ಎಂಎಸ್-ಚಾಪ್‌ವಿ2 ವಿಧಾನವನ್ನು ಒಂದೇ ದಿನದೊಳಗೆ ಒಡೆಯಬಹುದು ಅಂತ 2012ರ ಡೆಫ್‌ಕಾನ್ ಹ್ಯಾಕರ್ ಸಮಾವೇಶದಲ್ಲಿ ಭದ್ರತಾ ಸಂಶೋಧಕರಾದ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ತೋರಿಸಿಕೊಟ್ಟರು. 2016ರಲ್ಲಿ ಐಓಎಸ್ 10 ಮತ್ತು ಮ್ಯಾಕ್‌ಓಎಸ್ ಸಿಯೆರಾದಿಂದ ಆಪಲ್ ಅದನ್ನು ಕಿತ್ತೇ ಹಾಕಿತು. ಓದುಗರು ನಿಮ್ಮ ಬಾಕ್ಸ್ ಕತ್ತರಿಸಿ ಇಟ್ಟುಕೊಳ್ಳುತ್ತಾರೆ, ಬರಹ ಮರೆತರೂ ಬಾಕ್ಸ್ ಉಳಿಯುತ್ತದೆ. ಆದ್ದರಿಂದ ಮುಂದಿನ ಸಂಚಿಕೆಯಲ್ಲಿ ಆ ಒಂದು ಸಾಲು ತಿದ್ದಿ ಹಾಕಿ. ಜಾಗ ಇದ್ದರೆ ಅದರ ಪಕ್ಕದಲ್ಲೇ 'ಡಬ್ಲ್ಯೂಜಿ ಶೋ' ಹೊಡೆದಾಗ ಬರುವ ಪರದೆಯ ಚಿತ್ರ ಒಂದು ಹಾಕಿ, ಹ್ಯಾಂಡ್‌ಶೇಕ್ ಸಾಲಿಗೆ ಬಾಣದ ಗುರುತು ಹಚ್ಚಿ. ಕೀಗಳನ್ನು ಮಾತ್ರ ಮಸುಕು ಮಾಡಲು ಹೋಗಬೇಡಿ, ಅಲ್ಲಿ ಕಾಣುವುದು ಪಬ್ಲಿಕ್ ಕೀಗಳು, ಪ್ರೈವೇಟ್ ಕೀ ಜಾಗದಲ್ಲಿ ಅದೇ 'ಹಿಡನ್' ಅಂತ ಬರೆದುಕೊಂಡಿರುತ್ತದೆ. ಸರ್ವರ್‌ನ ಹೊರ ವಿಳಾಸ ಕಾಣುವ 'ಎಂಡ್‌ಪಾಯಿಂಟ್' ಸಾಲನ್ನು ಮುಚ್ಚಿದರೆ ಸಾಕು.

ಇಂತಿ,
ಸರ್ವರ್ ನೋಡಿಕೊಳ್ಳುವ ನಿಮ್ಮ ಒಬ್ಬ ಓದುಗ